ಬೀಜಕ್ಕೆ ಸ್ಕಾರ್ಚ್, ಕೈಗೆ ಸ್ಟೇನ್

ಆಗ ನನಗೆ ಐವತ್ತಮೂರು. ಅದಾಗಿ ಈಗ ಹತ್ತು ವರ್ಷ ಕಳೆಯಿತು. ಕಾರ್ಕಳದ ಹೊರಗೆ ಒಂದು ಗೇರುಬೀಜದ ಕಾರ್ಖಾನೆಯಲ್ಲಿ ಗ್ರೇಡಿಂಗ್ ಮೇಜಿಗೆ ಕೂರುತ್ತಿದ್ದೆ. ಆ ವರ್ಷ ಬಾಗಿಲಿನ ಪಕ್ಕದ ಗೋಡೆಗೆ ಹೆಬ್ಬೆಟ್ಟು ಒತ್ತುವ ಮಷೀನು ತಂದು ಹೊಡೆದರು. ಅದು ನಮ್ಮೆಲ್ಲರನ್ನೂ ಗುರುತಿಸಿತು, ಬೇಬಿ ಎಂಬವಳನ್ನು ಬಿಟ್ಟು. ಆ ಸಂಗತಿ ಹೇಳಲಿಕ್ಕೆಂದೇ ಇದನ್ನು ಬರೆಯುತ್ತಿದ್ದೇನೆ. ಆದರೆ ಮೊದಲು ಕೆಲಸ ಎಂತದ್ದು ಎಂದು ಹೇಳದಿದ್ದರೆ ಈಗ ಹೊಸದಾಗಿ ಸೇರುವ ಹುಡುಗಿಯರಿಗೆ ತಲೆಬುಡ ಗೊತ್ತಾಗಲಿಕ್ಕಿಲ್ಲ. "ಬಿಳಿ ಟೊಪ್ಪಿ, ಕೂತು ಮಾಡುವ ಕೆಲಸ, ಬಿಸಿಲಿಲ್ಲ, ಮಳೆ ಇಲ್ಲ" ಎಂದು ಯಾರೋ ಪುಸಲಾಯಿಸಿ ಕರೆದುಕೊಂಡು ಬಂದಿರುತ್ತಾರೆ. ಟೊಪ್ಪಿ ಬಿಳಿ, ಅದು ಸತ್ಯ. ಉಳಿದದ್ದನ್ನು ನಾನು ಹೇಳುತ್ತೇನೆ.

ನಾನು ಕಲಿತದ್ದು ಮೂರನೇ ಕ್ಲಾಸು. ಬಾಯಲ್ಲಿ ತುಳು, ಬರೆಯುವುದು ಕನ್ನಡ, ಡಬ್ಬದ ಮೇಲೆ ಇಂಗ್ಲಿಷು. ತಪ್ಪಿದ್ದರೆ ತಿದ್ದಿಕೊಂಡು ಓದಿ.

ಗ್ರೇಡಿಂಗ್ ಎಂದರೆ ಸಿಪ್ಪೆ ತೆಗೆದ ತಿರುಳನ್ನು ಬಣ್ಣ ನೋಡಿ, ಗಾತ್ರ ನೋಡಿ ಬೇರೆ ಬೇರೆ ಮಾಡುವುದು. ಬೆಳ್ಳಗಿದ್ದರೆ ವೈಟ್. ಬೆಂಕಿ ಸ್ವಲ್ಪ ಜಾಸ್ತಿ ತಾಗಿ ಕೆಂಪಗಾದರೆ ಸ್ಕಾರ್ಚ್. ಅದಕ್ಕಿಂತಲೂ ಜಾಸ್ತಿ ತಾಗಿ ಕಂದು ತಿರುಗಿದರೆ ಡೆಸರ್ಟ್. ಈ ಹೆಸರುಗಳನ್ನು ನನಗೆ ಕಲಿಸಿದ್ದು ಪದ್ಮನಾಭಣ್ಣ, ಆಗಿನ ಸೂಪರ್‌ವೈಸರು. ಡೆಸರ್ಟ್ ಎಂದರೆ ಎಂತ ಎಂದು ನಾನು ಕೇಳಿದೆ.

"ಊಟ ಆದ ಮೇಲೆ ತಿನ್ನುವ ಸಿಹಿ" ಎಂದರು.

"ಹೆಚ್ಚು ಸೀದದ್ದಕ್ಕೆ ಸಿಹಿಯ ಹೆಸರಾ?"

"ನೀನು ಹೆಸರು ಇಡ್ಲಿಕ್ಕೆ ಬಂದದ್ದಾ, ಬೀಜ ಹೆಕ್ಕಲಿಕ್ಕೆ ಬಂದದ್ದಾ?"

ಬೀಜ ಹೆಕ್ಕಲಿಕ್ಕೆ. ಹಾಗಾಗಿ ಹೆಕ್ಕಿದೆ. ನಮ್ಮಲ್ಲೂ ಸುಟ್ಟದ್ದಕ್ಕೆ ಹೆಸರಿಗೇನು ಬರ ಇಲ್ಲ. ಅನ್ನ ಅಡಿ ಹಿಡಿಯುತ್ತದೆ, ಹಾಲು ಸೀಯುತ್ತದೆ, ಒಗ್ಗರಣೆ ಕರಟುತ್ತದೆ, ರೊಟ್ಟಿಯಾದರೆ ತುಳುವಿನಲ್ಲಿ ಕರಂಚಿತು ಎನ್ನುತ್ತೇವೆ. ಆದರೆ ಅದೆಲ್ಲ ಒಲೆಯ ಹತ್ತಿರ ಆಡುವ ಮಾತು, ಆಡಿ ಮರೆತುಬಿಡುತ್ತೇವೆ. ಕಾರ್ಖಾನೆಯ ಹೆಸರುಗಳಿಗೆ ಬೆಲೆ ಅಂಟಿಕೊಂಡಿರುತ್ತದೆ. ಹುಡುಗಿಯರೇ, ನೀವು ಇಷ್ಟು ತಿಳಿದುಕೊಂಡರೆ ಸಾಕು: ಬೇಕೆಂದು ಸುಟ್ಟರೆ ರೋಸ್ಟ್, ಅದಕ್ಕೆ ಉಪ್ಪು ಖಾರ ಹಚ್ಚಿ ಜಾಸ್ತಿ ದುಡ್ಡಿಗೆ ಮಾರುತ್ತಾರೆ. ಬೇಡದೆ ಸುಟ್ಟರೆ ಸ್ಕಾರ್ಚ್, ಕಡಿಮೆಗೆ ಹೋಗುತ್ತದೆ. ಸುಟ್ಟದ್ದನ್ನು ಒಪ್ಪಿಕೊಳ್ಳದೆ ಮಾರಿದರೆ ಡೆಸರ್ಟ್. ಬರ್ನ್ಟ್ ಎಂಬ ಒಂದು ಹೆಸರೂ ಉಂಟು. ಅದನ್ನು ನಾನು ಯಾವ ಡಬ್ಬದ ಮೇಲೂ ನೋಡಲಿಲ್ಲ.

ಪದ್ಮನಾಭಣ್ಣ ಕೆಟ್ಟವರಲ್ಲ. ಆದರೆ ಸೂಪರ್‌ವೈಸರು ಎಂದರೆ ಸೂಪರ್‌ವೈಸರೇ. ಒಂದು ಸಲ ಅವರ ಮಗ ಮಸ್ಕತ್‌ನಿಂದ ಬಂದವನು ಅವರಿಗೊಂದು ಕನ್ನಡಕ ತಂದುಕೊಟ್ಟ, ಬಿಸಿಲಿಗೆ ತನ್ನಷ್ಟಕ್ಕೇ ಕಪ್ಪಾಗುವಂಥದ್ದು. ಅದನ್ನು ಹಾಕಿಕೊಂಡು ಕಿಟಕಿಯ ಹತ್ತಿರ ಕೂತು ನಮ್ಮ ವೈಟ್ ತಟ್ಟೆಗಳನ್ನೆಲ್ಲ ನೋಡಿದರು. "ಇದೆಲ್ಲ ಸ್ಕಾರ್ಚ್! ನಿಮಗೆ ಕಣ್ಣುಂಟಾ, ಕವಡೆ ಉಂಟಾ?" ಎಂದು ಕೂಗಾಡಿದರು. ಮಧ್ಯಾಹ್ನದವರೆಗೆ ಬೆಳ್ಳಗಿನ ಬೀಜವನ್ನು ಸ್ಕಾರ್ಚಿಗೆ ಹಾಕಿದೆವು. ಊಟಕ್ಕೆ ಕೂತಾಗ ಕನ್ನಡಕ ತೆಗೆದರು, ತಮ್ಮ ಬುತ್ತಿಯ ಅನ್ನ ನೋಡಿದರು, ಮತ್ತೆ ಕನ್ನಡಕ ಹಾಕಿಕೊಂಡು ನೋಡಿದರು. ಊಟ ಬಿಟ್ಟು ಎದ್ದು ಬಂದು "ಎಲ್ಲ ವಾಪಸ್ ಹಾಕಿ" ಎಂದರು, ಅಷ್ಟೇ. ಕ್ಷಮೆ ಕೇಳುವ ಪದ್ಧತಿ ಆ ಕಾರ್ಖಾನೆಯಲ್ಲಿ ಇರಲಿಲ್ಲ. ಸಂಜೆ ಗೇಟಿನಲ್ಲಿ ನಮ್ಮ ಸೆರಗು ಕೊಡವಿಸಿ, ಬಾಯಿ ತೆರೆಸಿ ನೋಡಿಯೇ ಹೊರಗೆ ಬಿಡುತ್ತಿದ್ದರು. ದಿನವಿಡೀ ಬೀಜದ ನಡುವೆ ಕೂತವಳಿಗೆ ಸಂಜೆ ಬೀಜದ ಮುಖ ನೋಡಿದರೆ ವಾಕರಿಕೆ ಬರುತ್ತದೆ ಎಂದು ಅವರಿಗೆ ಯಾರು ಹೇಳುವುದು?

ನಾನು ಸೇರಿದ ಕಾಲದಲ್ಲಿ ಬೀಜವನ್ನು ದೊಡ್ಡ ಡ್ರಮ್ಮಿನಲ್ಲಿ ಹಾಕಿ ಬೆಂಕಿಯಲ್ಲಿ ತಿರುಗಿಸುತ್ತಿದ್ದರು. ಹೊಗೆ ಎಂದರೆ ಎದುರಿಗೆ ಕೂತವಳ ಮುಖ ಕಾಣದಷ್ಟು. ಆಮೇಲೆ ಸ್ಟೀಮ್ ಬಂತು. ಹಬೆಯಲ್ಲಿ ಬೇಯಿಸಿ, ಕಾಲಿನಲ್ಲಿ ಒತ್ತಿ ಕೊಯ್ಯುವ ಮಷೀನಿನಲ್ಲಿ ಒಂದೊಂದೇ ಬೀಜ ಒಡೆಯುವುದು. ಪೇಪರಿನವರು ಬಂದು ಫೋಟೋ ತೆಗೆದುಕೊಂಡು ಹೋದರು, ಹೊಗೆ ಇಲ್ಲದ ಕಾರ್ಖಾನೆ ಎಂದು ಬರೆದರು. ಹೊಗೆ ಹೋದದ್ದು ಹೌದು. ಎಣ್ಣೆ ಉಳಿಯಿತು. ಡ್ರಮ್ಮಿನಲ್ಲಾದರೆ ಬೀಜದ ಹೊರಸಿಪ್ಪೆಯ ಎಣ್ಣೆ ಬೆಂಕಿಗೇ ಹೋಗುತ್ತಿತ್ತು. ಸ್ಟೀಮಿನಲ್ಲಿ ಅದು ಸಿಪ್ಪೆಯೊಳಗೇ ಕೂತಿರುತ್ತದೆ, ಕೊಯ್ದಾಗ ಕೈಗೆ ಬರುತ್ತದೆ. ಚರ್ಮ ಸುಡುವ ಎಣ್ಣೆ ಅದು. ಮೊದಲು ಕಪ್ಪಾಗುತ್ತದೆ, ಆಮೇಲೆ ಗುಳ್ಳೆ, ಆಮೇಲೆ ಸುಲಿಯುತ್ತದೆ, ಸುಲಿದ ಕಡೆ ಮತ್ತೆ ಕಪ್ಪು. ಕೊಯ್ಯುವ ವಿಭಾಗದಲ್ಲಿ ಕೂತವಳ ಕೈಯನ್ನು ಮದುವೆಮನೆಯ ಪಂಕ್ತಿಯಲ್ಲಿ ನೋಡಿದರೂ ಗುರುತಿಸಬಹುದು. ಗ್ಲೌಸ್ ಇತ್ತು. ಕಪಾಟಿನಲ್ಲಿತ್ತು. ತಪಾಸಣೆಯವರು ಬರುವ ದಿನ ಹೊರಗೆ ಬರುತ್ತಿತ್ತು. ಹಾಕಿಕೊಂಡರೆ ಕೈ ನಿಧಾನ ಆಗುತ್ತದೆ, ಕಿಲೋ ಲೆಕ್ಕದಲ್ಲಿ ಕೂಲಿ ಇರುವವಳಿಗೆ ಅದು ಆಗುವುದಿಲ್ಲ ಎಂದು ಹೆಂಗಸರೇ ಬೇಡ ಎನ್ನುತ್ತಿದ್ದರು. ನೀವು ಹಾಗೆ ಹೇಳಬೇಡಿ. ಕೊಟ್ಟರೆ ಹಾಕಿಕೊಳ್ಳಿ, ಕೊಡದಿದ್ದರೆ ಕೇಳಿ.

ಬೇಬಿ ಆ ವಿಭಾಗದವಳು. ಹೆಸರು ಬೇಬಿ, ವಯಸ್ಸು ಐವತ್ತರ ಹತ್ತಿರ. ಕಾಪುವಿನಿಂದ ಕಾರ್ಕಳಕ್ಕೆ ಮದುವೆಯಾಗಿ ಬಂದು, ಬಂದ ಮರುವರ್ಷವೇ ಕೊಯ್ಯಲಿಕ್ಕೆ ಕೂತವಳು, ಏಳಲೇ ಇಲ್ಲ. ಅವಳು ನನ್ನ ಜೀವದ ಗೆಳತಿ ಎಂದೆಲ್ಲ ತಿಳಿಯಬೇಡಿ. ಊಟಕ್ಕೆ ಒಟ್ಟಿಗೆ ಕೂರುತ್ತಿದ್ದೆವು, ಅವಳು ನನ್ನ ಚಟ್ನಿಯಲ್ಲಿ ಹುಳಿ ಜಾಸ್ತಿ ಎನ್ನುತ್ತಿದ್ದಳು, ನಾನು ಅವಳ ಮೀನಿನ ಸಾರಿನಲ್ಲಿ ಮೀನೇ ಇಲ್ಲ ಎನ್ನುತ್ತಿದ್ದೆ. ಇಷ್ಟೇ ಸಂಬಂಧ.

ಈಗ ಹೆಬ್ಬೆಟ್ಟಿನ ಮಷೀನಿನ ಸಂಗತಿ. ಪದ್ಮನಾಭಣ್ಣ ರಿಟೈರ್ ಆಗಿ, ಬೆಂಗಳೂರು ಕಡೆಯ ಒಬ್ಬ ಮೇನೇಜರು ಬಂದಿದ್ದರು. ಚಿಕ್ಕ ಪ್ರಾಯ, ಇಸ್ತ್ರಿ ಮಾಡಿದ ಮಾತು. ಯಾವುದಕ್ಕೂ "ಸಿಸ್ಟಮ್" ಎನ್ನುತ್ತಿದ್ದರು. ಹಾಜರಿ ಪುಸ್ತಕ ಸಿಸ್ಟಮ್ ಅಲ್ಲವಂತೆ, ಹೆಬ್ಬೆಟ್ಟು ಸಿಸ್ಟಮ್ ಅಂತೆ. ಮಷೀನು ಹಾಕಿದ ಮೊದಲ ದಿನ ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿದರು. ಕೊಯ್ಯುವ ಹೆಂಗಸರಿಗೆ ಒಂದು ಅಭ್ಯಾಸ ಉಂಟು. ಎಣ್ಣೆ ಚರ್ಮಕ್ಕೆ ಹಿಡಿಯದ ಹಾಗೆ ಒಳಗೆ ಹೋಗುವ ಮೊದಲೇ ಜಗಲಿಯಲ್ಲಿ ಕೂತು ಕೈಗೆ ಹರಳೆಣ್ಣೆ ಹಚ್ಚಿ, ಮೇಲಿಂದ ಬೂದಿ ತಿಕ್ಕಿಕೊಳ್ಳುತ್ತಾರೆ. ಅವತ್ತೂ ತಿಕ್ಕಿಕೊಂಡು ಬಂದರು. ಮಷೀನಿನ ಗಾಜಿನ ಮೇಲೆ ಒಬ್ಬೊಬ್ಬಳೇ ಎಣ್ಣೆ ಬೂದಿಯ ಹೆಬ್ಬೆಟ್ಟು ಒತ್ತಿದಳು. ನಾಲ್ಕೈದು ಜನ ಒತ್ತುವಾಗ ಅದು ಕುಂಯ್ ಎಂದಿತು, ಆಮೇಲೆ ಅದೂ ಇಲ್ಲ. ಮೇನೇಜರು ಕರವಸ್ತ್ರದಲ್ಲಿ ಒರೆಸಿದರು, ಒರೆಸಿದಷ್ಟೂ ಕೆಸರಾಯಿತು. ಮಣಿಪಾಲದಿಂದ ರಿಪೇರಿಯವನನ್ನು ಕರೆಸಿದರು. ಅವನು ಬಂದು ಗಾಜು ಮೂಸಿ ನೋಡಿದ.

"ಇದಕ್ಕೆ ಎಂತ ಹಚ್ಚಿದ್ದು ಮಾರಾಯ್ರೆ? ಮಸಾಜ್ ಮಾಡಿದ್ದಾ?"

ನಾವೆಲ್ಲ ನಕ್ಕೆವು. ಮೇನೇಜರು ನಗಲಿಲ್ಲ. ಮರುದಿನದಿಂದ ಸೋಪಿನಲ್ಲಿ ಕೈ ತೊಳೆದು ಒತ್ತಬೇಕು, ಒತ್ತಿದ ಮೇಲೆ ಎಣ್ಣೆ ಬೂದಿ ಎಂದು ಕಾನೂನು ಆಯಿತು. ತೊಳೆದ ಮೇಲೆ ಎಲ್ಲರದ್ದೂ ಹಿಡಿಯಿತು. ಕೆಲವರದ್ದು ಎರಡು ಮೂರು ಸಲ ಒತ್ತಿದ ಮೇಲೆ. ಬೇಬಿಯದ್ದು ಮಾತ್ರ ಹಿಡಿಯಲಿಲ್ಲ. ಬಲದ್ದು ಇಲ್ಲ, ಎಡದ್ದು ಇಲ್ಲ, ಹತ್ತು ಬೆರಳಲ್ಲಿ ಒಂದೂ ಇಲ್ಲ. ಅವಳ ಬೆರಳ ತುದಿ ತೊಳೆದ ತಟ್ಟೆಯ ಹಾಗೆ ನುಣ್ಣಗಿತ್ತು.

"ಕಾಲಿನದ್ದು ನೋಡುವನಾ?" ಎಂದು ಬೇಬಿ ಸೀರೆ ಎತ್ತಿ ಕಾಲು ಮುಂದಿಟ್ಟಳು.

ಸಾಲಿಡೀ ನಕ್ಕಿತು. ಆದರೆ ಮೇನೇಜರು ಹೇಳಿದ್ದು ಕೇಳಿ ನಗು ನಿಂತಿತು. "ನೋಡಮ್ಮಾ, ಸಿಸ್ಟಮಲ್ಲಿ ಇಲ್ಲ ಅಂದ್ರೆ ನೀನು ಬಂದಿಲ್ಲ ಅಂತ ಅರ್ಥ."

"ಇಲ್ಲಿ ನಿಂತಿದ್ದೇನಲ್ಲ ಸಾರ್."

"ನಂಗೆ ಕಾಣಿಸುತ್ತೆ. ಸಿಸ್ಟಮ್‌ಗೆ ಕಾಣಿಸಲ್ಲ."

ಕ್ಲರ್ಕ್ ಸದಾನಂದ, ಪೆರ್ಡೂರಿನವನು, ಹಳೆಯ ಹಾಜರಿ ಪುಸ್ತಕ ತೆಗೆದು ಅದರಲ್ಲಿ ಬೇಬಿಯೊಬ್ಬಳ ಹೆಸರು ಬರೆದುಕೊಂಡು ಕೆಲವು ದಿನ ದೂಡಿದ. ಆಮೇಲೆ ಮೇನೇಜರು ಕರೆದು ಹೇಳಿದರು: ಬೆರಳಲ್ಲಿ ಗೆರೆ ಯಾಕಿಲ್ಲ ಎಂದು ಡಾಕ್ಟರ ಚೀಟಿ ತರಬೇಕು. ಇಲ್ಲದಿದ್ದರೆ ಹೆಡ್ ಆಫೀಸಿನವರು ಹೆಸರು ತೆಗೆಯುತ್ತಾರೆ. ಬೇಬಿಗೆ ಆ ಕೆಲಸ ಹೋದರೆ ಬೇರೆ ಇಲ್ಲ. ಆ ಕೈ ನೋಡಿ ಯಾರೂ ಅಡುಗೆಗೆ ಕರೆಯುವುದಿಲ್ಲ, ಮಗು ನೋಡಿಕೊಳ್ಳಲಿಕ್ಕೂ ಕರೆಯುವುದಿಲ್ಲ. ಒಮ್ಮೆ ಒಂದು ಮನೆಯಲ್ಲಿ ಕೇಳಿದ್ದಕ್ಕೆ, ಅದು ಹರಡುವ ಕಾಯಿಲೆಯಾ ಎಂದಿದ್ದರಂತೆ.

ಒಬ್ಬಳೇ ಹೋಗಲು ಅವಳಿಗೆ ಹೆದರಿಕೆ. ಮಾತಾಡಲಿಕ್ಕೆ ನನಗೆ ಬಾಯಿ ಉಂಟು ಎಂದು ನನ್ನನ್ನು ಎಳೆದುಕೊಂಡು ಹೋದಳು. ಉಡುಪಿಯಲ್ಲಿ ಒಂದು ಆಸ್ಪತ್ರೆ. ಡಾಕ್ಟರಮ್ಮ ಮಣಿಪಾಲದಲ್ಲಿ ಕಲಿತವರು, ಯಾವ ಊರಿನವರೋ, ಕನ್ನಡವನ್ನು ಬಿಡಿಬಿಡಿಯಾಗಿ ಜೋಡಿಸಿ ಮಾತಾಡುತ್ತಿದ್ದರು. ಆದರೆ ಕೈ ಹಿಡಿದು ನೋಡಿದರು. ಅದನ್ನು ಹೇಳಲೇಬೇಕು, ಯಾಕೆಂದರೆ ಕಾರ್ಖಾನೆಯಲ್ಲಿ ಆ ಕೈಯನ್ನು ಯಾರೂ ಹಿಡಿದು ನೋಡಿದ್ದಿಲ್ಲ. ಎಷ್ಟು ವರ್ಷದಿಂದ, ಯಾವ ಎಣ್ಣೆ, ಉರಿ ಉಂಟಾ, ರಾತ್ರಿ ತುರಿಕೆ ಉಂಟಾ ಎಂದೆಲ್ಲ ಕೇಳಿ ಬರೆದರು. ಎಂತ ಬರೆದಿರಿ ಎಂದು ನಾನು ಕೇಳಿದೆ.

"ಕೆಮಿಕಲ್ ಬರ್ನ್."

"ಬರ್ನ್ ಎಂದರೆ ಸುಟ್ಟದ್ದು ಅಲ್ವಾ?"

"ಹೌದು ಅಮ್ಮ. ಸುಟ್ಟದ್ದು. ತುಂಬಾ ವರ್ಷ ಸ್ವಲ್ಪ ಸ್ವಲ್ಪ ಸುಟ್ಟದ್ದು."

ಚೀಟಿಗೆ ಸೀಲು ಹಾಕಿಸಲು ಹೊರಗಿನ ಕೌಂಟರಿಗೆ ಹೋದೆವು. ಅಲ್ಲಿದ್ದವಳು ಓದಿ, ಬೇಬಿಯ ಮುಖ ನೋಡಿ, "ಸ್ವಲ್ಪ ಕೂತುಕೊಳ್ಳಿ" ಎಂದಳು. ಸ್ವಲ್ಪ ಹೊತ್ತಿಗೆ ಒಬ್ಬಳು ಪೊಲೀಸ್ ಹೆಂಗಸು ಬಂದು ಎದುರಿಗೆ ಕೂತಳು.

"ಗಂಡ ಎಂತ ಕೆಲಸ?"

"ಮದುವೆ ಅಡುಗೆಯವರ ಒಟ್ಟಿಗೆ ಹೋಗುವುದು" ಎಂದಳು ಬೇಬಿ.

"ಕುಡಿಯುತ್ತಾನಾ?"

"ಇಲ್ಲ."

"ಹೊಡೆಯುತ್ತಾನಾ? ಹೆದರಬೇಡಿ, ಹೇಳಿ. ಅತ್ತೆ ಇದ್ದಾರಾ?"

ಬೇಬಿ ನನ್ನ ಕಡೆ ತಿರುಗಿದಳು. ಹೆಂಗಸಿನ ಚೀಟಿಯಲ್ಲಿ ಬರ್ನ್ ಎಂದಿದ್ದರೆ ಕೇಳಲೇಬೇಕು, ಅದು ರೂಲು ಎಂದು ಪೊಲೀಸಿನವಳು ನನಗೆ ಹೇಳಿದಳು. ಕೇಳುವುದು ಒಳ್ಳೆಯದೇ, ಯಾಕೆ ಕೇಳುತ್ತಾರೆ ಎಂದು ನಮಗೂ ಗೊತ್ತುಂಟು. ನಮ್ಮ ಸುತ್ತಲೂ ಸೀಮೆಎಣ್ಣೆಯ ಕಥೆಗಳು ಕಡಿಮೆಯಾ? ಆದರೆ ನೋಡಿ, ಹೆಂಡತಿಗೆ ಒಂದು ಲೋಟ ನೀರು ಕೊಡದೆ ಊಟಕ್ಕೆ ಕೂರದ ಗಂಡನ ಬಗ್ಗೆ ಇಷ್ಟು ಪ್ರಶ್ನೆ. ಕಾರ್ಖಾನೆಯ ಬಗ್ಗೆ ಒಂದು ಪ್ರಶ್ನೆ ಇಲ್ಲ, ಕಾರ್ಖಾನೆಗೆ ಅತ್ತೆ ಇಲ್ಲವಲ್ಲ. ಎಣ್ಣೆಯ ವಿಷಯ ನಾನೇ ಬಿಡಿಸಿ ಹೇಳಿದೆ. ಅವಳು ಬರೆದುಕೊಂಡು, ಸರಿ ಹೋಗಿ ಎಂದಳು.

ಬಸ್ಸಿನಲ್ಲಿ ಬೇಬಿ ಚೀಟಿಯನ್ನು ಸೆರಗಿನೊಳಗೆ ಮುಚ್ಚಿ ಹಿಡಿದುಕೊಂಡಿದ್ದಳು. "ಈ ಬರ್ನ್ ನನಗೆ ಬೇಡ ಅಕ್ಕ. ಮಗಳಿಗೆ ಕಾಪುವಿನಲ್ಲಿ ಮಾತುಕತೆ ಆಗಿದೆ. ಹುಡುಗನ ಮನೆಯವರಿಗೆ ಯಾರಾದರೂ ಹೇಳಿದರೆ? ಹುಡುಗಿಯ ತಾಯಿ ಬರ್ನ್ ಕೇಸು, ಪೊಲೀಸು ಬಂದಿತ್ತಂತೆ ಎಂದರೆ?"

"ಕೈ ನೋಡಿದರೆ ಕಾಣುವುದಿಲ್ಲವಾ ಅವರಿಗೆ?"

"ಕೈ ಕಪ್ಪಾಗಿದೆ ಎಂದರೆ ಕಪ್ಪಾಗಿದೆ ಅಷ್ಟೇ. ಬರ್ನ್ ಎಂದರೆ ಬೇರೆ."

ಹೆಡ್ಡಿ ಎಂದು ಬೈದೆ. ಬೈಸಿಕೊಂಡಳು.

ಮೇನೇಜರ ಟೇಬಲಿನ ಮುಂದೆ ಚೀಟಿ ಇಟ್ಟೆವು. ಓದಿದವರೇ ಬಿಸಿ ಮುಟ್ಟಿದ ಹಾಗೆ ಕೈ ಹಿಂದೆ ತೆಗೆದರು. "ಬರ್ನ್ ಅಂತ ಯಾಕೆ ಬರೆದ್ರು ಇವರು? ಬರ್ನ್ ಅಂದ್ರೆ ಆಕ್ಸಿಡೆಂಟು. ಆಕ್ಸಿಡೆಂಟ್ ಅಂದ್ರೆ ರಿಪೋರ್ಟು, ಇನ್‌ಸ್ಪೆಕ್ಟರು. ನಮ್ಮಲ್ಲಿ ಆಕ್ಸಿಡೆಂಟೇ ಆಗಿಲ್ವಲ್ಲಮ್ಮಾ. ಬೆಂಕಿ ಇಲ್ಲ, ಕರೆಂಟ್ ಶಾಕ್ ಇಲ್ಲ. ಇದು ಬರ್ನ್ ಅಲ್ಲ, ಸ್ಟೇನ್."

"ಸ್ಟೇನ್ ಎಂದರೆ ಎಂತ ಸಾರ್?" ಎಂದೆ.

"ಕಲೆ. ಬಟ್ಟೆ ಮೇಲೆ ಚಾ ಚೆಲ್ಲುತ್ತಲ್ಲ, ಹಾಗೆ. ಇಲ್ಲಾಂದ್ರೆ ಇರಿಟೇಶನ್ ಅನ್ನಬಹುದು. ಡಿಸ್‌ಕಲರೇಶನ್ ಅನ್ನಬಹುದು."

ಇಷ್ಟು ಹೆಸರು ಅವರ ನಾಲಿಗೆಯ ತುದಿಯಲ್ಲಿತ್ತು. ನನಗೆ ತಡೆಯಲಿಲ್ಲ. ಬೇಬಿಯ ಕೈ ಹಿಡಿದು ಟೇಬಲಿನ ಮೇಲಿಟ್ಟೆ. "ಸಾರ್, ಬೀಜ ಹೀಗಾಗಿದ್ದರೆ ಯಾವ ತಟ್ಟೆಗೆ ಹಾಕುತ್ತೀರಿ? ಬೀಜಕ್ಕೆ ಒಂದು ಚೂರು ಕೆಂಪು ಕಂಡರೂ ಸ್ಕಾರ್ಚ್ ಎಂದು ನಮ್ಮ ಮೇಲೆ ಹಾರಾಡುತ್ತೀರಲ್ಲ?"

ಅವರಿಗೆ ಸಿಟ್ಟು ಬರಲಿಲ್ಲ. ಶಾಂತವಾಗಿಯೇ ಹೇಳಿದರು. "ಬೀಜ ಮಾರೋದಮ್ಮಾ. ಕೈ ಮಾರೋದಲ್ಲ."

ಅಂಥ ಮಾತು ಕಲಿಸಲಿಕ್ಕೆಂದೇ ಕಾಲೇಜುಗಳು ಇರಬೇಕು.

ಅವರೇ ಒಂದು ದಾರಿ ಹೇಳಿದರು. ಡಾಕ್ಟರ ಚೀಟಿ ವಾಪಸ್ ತೆಗೆದುಕೊಂಡು ಹೋಗಿ. ಬದಲಿಗೆ ಬೇಬಿ ಒಂದು ಕಾಗದ ಕೊಡಲಿ: ನನ್ನ ಕೈಯಲ್ಲಿರುವುದು ಹಳೆಯ ಕಲೆ, ಸುಟ್ಟದ್ದಲ್ಲ, ಇದರಿಂದ ನನಗೆ ತೊಂದರೆ ಇಲ್ಲ. ಆಗ ಪುಸ್ತಕದಲ್ಲಿ ಹಾಜರಿ ಬರೆಯಲು ಅವರು ಒಪ್ಪುತ್ತಾರೆ. ಬೇಬಿ ಅಲ್ಲೇ ತಲೆ ಆಡಿಸಿದಳು. ಅವಳಿಗೆ ಕಾಪುವಿನ ಸಂಬಂಧ ಉಳಿಯಬೇಕು, ಅವರಿಗೆ ಇನ್‌ಸ್ಪೆಕ್ಟರು ಬರಬಾರದು. ಇಬ್ಬರಿಗೂ ಒಂದೇ ಶಬ್ದ ಬೇಡವಾಗಿತ್ತು. ನಡುವೆ ನಾನೊಬ್ಬಳು ಬಾಯಿ ತೆರೆದು ನಿಂತವಳು.

ಸದಾನಂದ ಕಾಗದ ಟೈಪ್ ಮಾಡಿ ತಂದ. ಬೇಬಿಗೆ ಸಹಿ ಬರುವುದಿಲ್ಲ. ಶಾಯಿಯ ಪ್ಯಾಡು ತಂದಿಟ್ಟರು. ಅವಳು ಒತ್ತಿದಳು. ಕಾಗದದ ಮೇಲೆ ಒಂದು ಕಪ್ಪು ಬೊಟ್ಟು ಮೂಡಿತು, ಗೆರೆ ಇಲ್ಲ, ಸುಳಿ ಇಲ್ಲ.

"ಸರಿಯಾಗಿ ಒತ್ತಮ್ಮಾ" ಎಂದರು ಮೇನೇಜರು.

ಮತ್ತೆ ಒತ್ತಿದಳು. ಇನ್ನೊಂದು ಬೊಟ್ಟು. ಅವಳ ಮಣಿಕಟ್ಟು ಹಿಡಿದು ಸದಾನಂದನೇ ಒತ್ತಿಸಿದ. ಮೂರನೆಯ ಬೊಟ್ಟು. ಸುಟ್ಟದ್ದಲ್ಲ ಎಂದು ಬರೆದ ಸಾಲಿನ ಕೆಳಗೆ ಮೂರು ಬೊಟ್ಟು ಕೂತಿದ್ದವು. ಸದಾನಂದ ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಿದೆ. ಮೇನೇಜರು ಕಾಗದ ನೋಡಿದರು, ಆಮೇಲೆ "ಸಾಕು ಬಿಡಿ" ಎಂದು ಶಾಯಿ ಆರುವ ಹಾಗೆ ಊದಿ ಫೈಲಿಗೆ ಹಾಕಿದರು.

ಹೊರಗೆ ಬಂದ ಮೇಲೆ ಬೇಬಿ ನನ್ನ ಮೇಲೆಯೇ ಹರಿಹಾಯ್ದಳು. "ನನ್ನ ಕೈಯನ್ನು ಟೇಬಲಿನ ಮೇಲೆ ಇಡಲಿಕ್ಕೆ ನಿಮಗೆ ಯಾರು ಹೇಳಿದ್ದು? ನಾನು ಎಂತ ಮೀನಾ, ಮಾರ್ಕೆಟಿನಲ್ಲಿ ಎತ್ತಿ ತೋರಿಸಲಿಕ್ಕೆ?" ಎಂದು ಹೇಳಿ ಬಿರಬಿರನೆ ನಡೆದು ಹೋದಳು. ಅವಳು ಹೇಳಿದ್ದರಲ್ಲಿ ತಪ್ಪಿಲ್ಲ, ಆದರೆ ಮೀನಿಗೆ ಅವಳಿಗಿಂತ ಬುದ್ಧಿ ಇರುತ್ತದೆ.

ಸದಾನಂದ ಗೇಟಿನವರೆಗೆ ನನ್ನ ಹಿಂದೆ ಬಂದ. "ಗುಲಾಬಿಯಕ್ಕ, ಒಂದು ಮಾತು. ಕೆಲಸ ಉಳಿಯಿತು ಎಂದು ನೀವು ತಿಳಿಯಬೇಡಿ."

"ಯಾಕೆ? ಪುಸ್ತಕದಲ್ಲಿ ಬರೆಯುತ್ತೇನೆ ಎಂದರಲ್ಲ."

"ಪುಸ್ತಕದಲ್ಲಿ ಇರುವುದು ಅವಳೊಬ್ಬಳದ್ದೇ ಹೆಸರು. ತಿಂಗಳ ಕೊನೆಗೆ ಹೆಡ್ ಆಫೀಸಿನವರು ಒಬ್ಬಳಿಗೋಸ್ಕರ ಒಂದು ಪುಸ್ತಕ ಯಾಕೆ ಎಂದು ಕೇಳುತ್ತಾರೆ. ಆಗ ಪುಸ್ತಕ ಮುಚ್ಚುತ್ತಾರೆ, ಅವಳನ್ನೂ ಕಳಿಸುತ್ತಾರೆ. ಹಿಂದೆ ನಾನಿದ್ದ ಕಾರ್ಖಾನೆಯಲ್ಲಿ ಹಾಗೇ ಆದದ್ದು."

"ಇನ್ನೊಬ್ಬಳ ಹೆಸರಿದ್ದರೆ?"

"ಇದ್ದರೆ ಅದು ಒಬ್ಬಳ ಪುಸ್ತಕ ಅಲ್ಲವಲ್ಲ. ಆದರೆ ಮಷೀನು ಹಿಡಿಯುವವರ ಹೆಸರು ನಾನು ಬರೆಯುವ ಹಾಗಿಲ್ಲ ಅಕ್ಕ. ನನ್ನ ಕೆಲಸ ಹೋಗುತ್ತದೆ."

ನನ್ನ ಹೆಬ್ಬೆಟ್ಟು ಆ ಮಷೀನಿಗೆ ಬಹಳ ಇಷ್ಟ. ಮುಟ್ಟುವ ಮೊದಲೇ ಥ್ಯಾಂಕ್ಯೂ ಎನ್ನುತ್ತಿತ್ತು.

ಮರುದಿನ ಬೆಳಿಗ್ಗೆ ನಾನು ಹಳೆಯ ಸೀರೆಯಿಂದ ಒಂದು ಚೂರು ಹರಿದು ಬಲಗೈಯ ಹೆಬ್ಬೆಟ್ಟಿಗೆ ದಪ್ಪಕ್ಕೆ ಸುತ್ತಿದೆ, ಎಡದ್ದಕ್ಕೂ ಸುತ್ತಿದೆ, ಮೇಲಿಂದ ಸ್ವಲ್ಪ ಅರಸಿನ ಬಳಿದೆ. ಕಾರ್ಖಾನೆಗೆ ಹೋಗಿ ಸಾಲಿನಲ್ಲಿ ನಿಂತೆ. ಮೇನೇಜರು ಮಷೀನಿನ ಪಕ್ಕದಲ್ಲೇ ಚಾ ಕುಡಿಯುತ್ತಾ ನಿಂತಿದ್ದರು.

"ಏನಮ್ಮಾ ಅದು ಕೈಯಲ್ಲಿ?"

"ಬರ್ನ್" ಎಂದೆ. ಸಾಲಿನ ಕೊನೆಯವಳಿಗೂ ಕೇಳಬೇಕು, ಅಷ್ಟು ಗಟ್ಟಿಯಾಗಿ.

"ಎಲ್ಲಿ? ಯಾವಾಗ?"

"ನಿನ್ನೆ. ಇಲ್ಲೇ. ಬೋರ್ಮದ ಬಾಗಿಲಿನ ಹತ್ತಿರ." ಬೋರ್ಮ ಎಂದರೆ ತಿರುಳು ಒಣಗಿಸುವ ಬಿಸಿ ಕೋಣೆ. "ಡಾಕ್ಟರಮ್ಮನಿಗೆ ತೋರಿಸಿ ಚೀಟಿ ತರಬೇಕಾ ಸಾರ್? ಅವರು ಸ್ಟೇನ್ ಎಂದು ಬರೆಯುವವರಲ್ಲ."

ಅವರು ನನ್ನ ಹೆಬ್ಬೆಟ್ಟಿನ ಬಟ್ಟೆ ನೋಡಿದರು. ಸಾಲನ್ನು ನೋಡಿದರು. ಎಲ್ಲರೂ ಕುತ್ತಿಗೆ ಚಾಚಿ ನೋಡುತ್ತಿದ್ದರು. ಲೋಟ ಕೆಳಗಿಟ್ಟು "ಸದಾನಂದ, ಇವರದ್ದೂ ಬುಕ್ಕಲ್ಲಿ ಬರ್ಕೊಳ್ಳಿ" ಎಂದು ಹೇಳಿ ಒಳಗೆ ಹೋದರು.

ಸದಾನಂದ ಬೇಬಿಯ ಹೆಸರಿನ ಕೆಳಗೆ ನನ್ನ ಹೆಸರು ಬರೆದ. ಬೇಬಿ ಜಗಲಿಯಲ್ಲಿ ಕೂತು ಕೈಗೆ ಬೂದಿ ತಿಕ್ಕುತ್ತಿದ್ದಳು, ತಲೆ ಎತ್ತಲಿಲ್ಲ. ನಾನು ಒಳಗೆ ಹೋಗಿ, ಹೆಬ್ಬೆಟ್ಟಿಗೆ ಸುತ್ತಿದ ಬಟ್ಟೆ ಬಿಚ್ಚಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಮೊದಲ ತಟ್ಟೆ ಎಳೆದು ವೈಟ್ ಬೇರೆ ಸ್ಕಾರ್ಚ್ ಬೇರೆ ಮಾಡಲಿಕ್ಕೆ ಕೂತೆ.